ಅರ್ಪಣೆಯ ಪುಟ

ಮಾಸ್ಕೋ, 9 ಮಾರ್ಚ್ 1964

ಪ್ರಿಯ ಅಗ್ನಿಯಾ,

ನೀನು ಕಳಿಸಿದ ಅಣಬೆ ಉಪ್ಪಿನಕಾಯಿ ತಲುಪಿತು. ಭರಣಿ ಒಡೆದಿರಲಿಲ್ಲ. ಆದರೆ ನಮ್ಮ ಅಡುಗೆಮನೆ ನಾಲ್ಕು ಸಂಸಾರಗಳದ್ದು, ನಿನಗೆ ಗೊತ್ತೇ ಇದೆ. ಭರಣಿಯ ಮುಚ್ಚಳ ತೆಗೆದ ಸದ್ದಿಗೆ ಎಲ್ಲ ಬಾಗಿಲುಗಳೂ ತೆರೆದವು. ನನ್ನ ಪಾಲಿಗೆ ಬಂದದ್ದು ಬಹುಪಾಲು ವಾಸನೆಯೇ.

ಈಗ ಸುದ್ದಿ ಕೇಳು. ಪ್ಲೇಟೋ ಬಗ್ಗೆ ನಾನು ಬರೆದ ಪುಸ್ತಕ ಅಚ್ಚಿಗೆ ಹೋಗುತ್ತಿದೆ. ಇಷ್ಟು ವರ್ಷ ಹುಡುಗರಿಗೆ ಗ್ರೀಕ್ ಕಲಿಸಲು ಬಿಟ್ಟರು, ತತ್ವಶಾಸ್ತ್ರದ ವಿಷಯಕ್ಕೆ ಬಾಯಿ ಬಿಡಲು ಬಿಡಲಿಲ್ಲ. ಈಗ ಬಿಟ್ಟಿದ್ದಾರೆ, ಒಂದು ಮುನ್ನುಡಿಯ ಕಾವಲಿನಲ್ಲಿ. ಮುನ್ನುಡಿ ಬರೆದವನು ವಲೆರಿಯನ್ ಸೊಲೊಮಾತಿನ್. ನಿನ್ನಕ್ಕ ಕ್ಸೇನಿಯಾ ಎಲೆಕೋಸಿನ ಸಾರು ಹಾಕಿ ಸಾಕಿದ ನನ್ನ ಶಿಷ್ಯ, ಈಗ ವಿಭಾಗದ ಮುಖ್ಯಸ್ಥ. ಮುನ್ನುಡಿಯ ತುಂಬ ನನಗೆ ಬೈಗುಳ. ಮೊನ್ನೆ ಬಂದು ಓದಿ ತೋರಿಸಿದ. 'ಲೇಖಕರು ಭಾವವಾದದ ಕೆಸರಿನಲ್ಲಿ ಸಿಲುಕಿದ್ದಾರೆ' ಎಂಬಲ್ಲಿ ಅವನ ದನಿ ನಡುಗಿತು. ನಾನೇ ಧೈರ್ಯ ಹೇಳಬೇಕಾಯಿತು.

"ಕೆಸರು ಸಾಲ್ದು ವಲ್ಯಾ, ಜೌಗು ಅಂತ ಹಾಕು. ಕೆಸರಾದ್ರೆ ಕಾಲು ತೊಳ್ಕೊಂಡು ಎದ್ದು ಬರಬಹುದು."

ಇಲ್ಲಿನ ಪದ್ಧತಿ ಹೀಗೇ. ಮುಂದೆ ನಿಂತು ಚೆನ್ನಾಗಿ ಬೈಯುವವನಿದ್ದರೆ ಅವನ ಬೆನ್ನ ಹಿಂದೆ ಪುಸ್ತಕ ಕ್ಷೇಮವಾಗಿ ಸೆನ್ಸಾರಿನ ಗಡಿ ದಾಟುತ್ತದೆ. ಎಷ್ಟು ಬೇಕಾದರೂ ಬೈ, ನನ್ನದು ಒಂದೇ ಷರತ್ತು ಎಂದೆ. ಪುಸ್ತಕದ ಮೊದಲ ಪುಟದಲ್ಲಿ ಕ್ಸೇನಿಯಾಗೆ ಅರ್ಪಣೆ ಇರಬೇಕು. ಒಂದಕ್ಷರ ಕದಲಬಾರದು. ರಿಮ್ಮಾಳನ್ನು ಹೊರಗೆ ಕಳಿಸಿ, ಆ ಸಾಲುಗಳನ್ನು ಅವನೊಬ್ಬನಿಗೇ ನಿಧಾನವಾಗಿ ಹೇಳಿ ಬರೆಸಿದೆ. ಅವನು ನನ್ನ ಕೈ ಹಿಡಿದು ಮಾತು ಕೊಟ್ಟ. ಸಾಲುಗಳೇನು ಎಂದು ನಿನಗೂ ಹೇಳುವುದಿಲ್ಲ, ಅಚ್ಚಿನಲ್ಲೇ ಓದು.

ರಿಮ್ಮಾ ಎಂದರೆ ನನ್ನ ಹೊಸ ಸಂಶೋಧನಾ ವಿದ್ಯಾರ್ಥಿನಿ. ಬಂದ ಪತ್ರಗಳನ್ನು ಓದುವವಳೂ ಈ ಪತ್ರ ಬರೆಯುತ್ತಿರುವವಳೂ ಅವಳೇ. ಅಕ್ಷರ ದುಂಡಗಿದೆಯಂತೆ. ಹಾಗೆಂದು ಹೇಳಿದವಳೂ ಅವಳೇ.

ನಿನ್ನ
ಅರ್ಸೆನಿ


ಕೊಸ್ತ್ರೊಮಾ, 22 ಮಾರ್ಚ್ 1964

ಪ್ರೀತಿಯ ಭಾವ,

ನಿಮ್ಮ ಪ್ಲೇಟೋ ನನಗೆ ಯಾವತ್ತೂ ಅರ್ಥವಾಗಿಲ್ಲ, ಇನ್ನು ಆಗುವುದೂ ಇಲ್ಲ. ಮಕ್ಕಳಿಗೆ ನದಿ, ಬೆಟ್ಟ ಕಲಿಸಿ ಬದುಕಿದವಳು ನಾನು. ಗೋಡೆಯ ಮೇಲಿನ ನಕ್ಷೆಯಲ್ಲಿ ಇಲ್ಲದ ಊರಿಗೆ ಹೋದವಳಲ್ಲ. ಆದರೂ ಆ ಪುಸ್ತಕ ಬಂದರೆ ಮೊದಲ ಪುಟವನ್ನಂತೂ ಓದುತ್ತೇನೆ.

ನಿಮ್ಮ ವಲೆರಿಯನ್ ಕೈ ಹಿಡಿದು ಕೊಟ್ಟ ಮಾತನ್ನು ನಾನು ನಂಬುವುದಿಲ್ಲ. ಆ ಹುಡುಗ ನಮ್ಮಕ್ಕನ ಸಾರು ಕುಡಿಯುವಾಗಲೂ ಬಾಗಿಲ ಕಡೆ ಒಂದು ಕಣ್ಣಿಟ್ಟಿರುತ್ತಿದ್ದ. ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದೆವು ಬಿಡಿ. ಆದರೆ ನನಗೆ ಇದು ಬರೀ ಪುಸ್ತಕದ ವಿಷಯವಲ್ಲ. ಮೊದಲ ಸಲ ನಿಮ್ಮಿಬ್ಬರನ್ನೂ ಹಿಡಿದುಕೊಂಡು ಹೋದರು. ನೀವು ಕಣ್ಣುಗಳನ್ನು ಕಾಲುವೆ ಕೆಲಸದ ಶಿಬಿರದಲ್ಲೇ ಬಿಟ್ಟು ಬಂದಿರಿ. ಎರಡನೆಯ ಸಲ ಬಂದಾಗ ಅವಳನ್ನು ಮಾತ್ರ ಒಯ್ದರು, ಅವಳು ಹಿಂದಿರುಗಲಿಲ್ಲ. ಎಲ್ಲಿ ಹೂತರೋ ಯಾರಿಗೆ ಗೊತ್ತು. ಹೂವಿಡಲು ನನಗೊಂದು ಜಾಗವಿಲ್ಲ. ಆ ಪುಟ ಬಂದರೆ ಅದೇ ಅವಳ ಗೋರಿ.

ಆದ್ದರಿಂದ ಕಣ್ಣಾರೆ ಕಂಡ ಮೇಲೆಯೇ ನಂಬುವುದು. ನಿಮಗೆ ಹೇಳಬಾರದ ಮಾತು, ಆದರೆ ನೀವು ನಗುತ್ತೀರಿ ಎಂದು ಗೊತ್ತು.

ನಿಮ್ಮ
ಅಗ್ನಿಯಾ


ಮಾಸ್ಕೋ, 3 ನವೆಂಬರ್ 1964

ಪ್ರಿಯ ಅಗ್ನಿಯಾ,

ಪುಸ್ತಕ ಬಂತು. ಸರ್ಕಾರದ ಮೇಲಿನ ಕುರ್ಚಿಯಿಂದ ಯಾರು ಇಳಿದರು, ಯಾರು ಏರಿದರು ಎಂದು ಮಾಸ್ಕೋದವರೆಲ್ಲ ಪಿಸುಗುಟ್ಟುತ್ತಿರುವಾಗ ನಾನು ಸಿಹಿ ಸಿಕ್ಕ ಮಗುವಿನ ಹಾಗೆ ಕುಳಿತಿದ್ದೇನೆ.

ವಲೆರಿಯನ್ ತಾನೇ ತಂದ. ಕೋಟು ಕೂಡ ಬಿಚ್ಚಲಿಲ್ಲ. "ಮೊದಲ್ನೇ ಪುಟ ಓದು" ಎಂದೆ. ಓದಿದ. ನಾನು ಬರೆಸಿದ ಹಾಗೇ, ಅಕ್ಷರ ಬಿಡದೆ. ಪುಟದ ಮೇಲೆ ಬೆರಳಾಡಿಸಿದೆ. ಅಚ್ಚಿನ ಅಕ್ಷರ ಬೆರಳಿಗೆ ಸಿಗುವುದಿಲ್ಲ, ಕಾಗದ ನುಣ್ಣಗಿತ್ತು. ಆದರೂ ಅವಳ ಹೆಸರು ಬೆರಳ ಕೆಳಗಿದೆ ಎನ್ನುವುದೇ ಸಾಕಾಯಿತು. ನಾನು ಅತ್ತೆ, ವಲೆರಿಯನ್ನನೂ ಅತ್ತ. ಅವನು ಅಷ್ಟೊಂದು ಅತ್ತದ್ದು ನನಗೇ ಆಶ್ಚರ್ಯ.

ಲೇಖಕನ ಪ್ರತಿಗಳನ್ನೆಲ್ಲ ಹಂಚಿದೆ. ಲ್ಯಾಟಿನ್ ಮೇಷ್ಟ್ರು ಫೆರಾಪೊಂತ್ ನಿಕಿತಿಚ್‌ಗೆ, ವಿಭಾಗದವರಿಗೆ, ಅಡುಗೆಮನೆಯ ಉಳಿದ ಮೂರೂ ಸಂಸಾರಗಳಿಗೆ. ಕೊಡುವಾಗೆಲ್ಲ "ಮೊದ್ಲು ಆ ಪುಟ ನೋಡಿ" ಎಂದೆ. ಎಲ್ಲರೂ ನೋಡಿ ಸುಮ್ಮನಾದರು. ಅಂಥ ಪುಟದ ಮುಂದೆ ಯಾರು ತಾನೇ ಮಾತಾಡುತ್ತಾರೆ?

ನಿನ್ನ ಪ್ರತಿ ಅಂಚೆಯಲ್ಲಿದೆ. ಕಣ್ಣಾರೆ ನೋಡಿ ಬರೆ.

ನಿನ್ನ
ಅರ್ಸೆನಿ


ಕೊಸ್ತ್ರೊಮಾ, 20 ನವೆಂಬರ್ 1964

ಭಾವ,

ಪುಸ್ತಕ ಬಂತು. ಮೊದಲ ಪುಟದಲ್ಲಿ ನಿಮ್ಮ ಹೆಸರು, ಪುಸ್ತಕದ ಹೆಸರು. ಮಗುಚಿದರೆ ವಲೆರಿಯನ್ನನ ಮುನ್ನುಡಿ. ನಡುವೆ ಒಂದು ಖಾಲಿ ಹಾಳೆ. ಅಷ್ಟೇ.

ಹಾಳೆ ಅಂಟಿಕೊಂಡಿರಬಹುದೆಂದು ಆವಿ ಹಿಡಿದು ನೋಡಿದೆ. ಕೊನೆಯ ಪುಟದಲ್ಲಿ ಹಾಕಿದ್ದಾರೇನೋ ಎಂದು ಹುಡುಕಿದೆ. ನಮ್ಮಕ್ಕನ ಹೆಸರು ಎಲ್ಲೂ ಇಲ್ಲ. ನೀವೇ ಬೇಡವೆಂದಿರಾ? ಯಾರಿಗಾದರೂ ಹೆದರಿದಿರಾ? ಹೆದರಿದ್ದರೆ ಹೇಳಿ, ನಾನು ಬೈಯುವುದಿಲ್ಲ. ಆದರೆ ಅವಳ ಹೆಸರು ಬೆರಳ ಕೆಳಗಿತ್ತು ಎಂದು ಬರೆದಿರಲ್ಲ, ಅದು ನನಗೆ ಅರ್ಥವಾಗಲಿಲ್ಲ.

ಅಗ್ನಿಯಾ


ಮಾಸ್ಕೋ, 2 ಡಿಸೆಂಬರ್ 1964

ಪ್ರಿಯ ಅಗ್ನಿಯಾ,

ನಿನ್ನ ಪತ್ರ ಕೇಳಿ ಮನಸ್ಸು ತುಂಬಿ ಬಂತು. ಆ ಪುಟವನ್ನು ಮತ್ತೆ ಮತ್ತೆ ಓದಿ ಅತ್ತೆ ಎಂದು ಬರೆದಿದ್ದೀಯ. ನೀನು ಅಳುವವಳಲ್ಲ ಎಂದುಕೊಂಡಿದ್ದೆ. 'ಕಾಗದವೂ ಬಹಳ ಸೊಗಸಾಗಿದೆ' ಎಂದದ್ದಕ್ಕೆ ಮಾತ್ರ ನಗು ಬಂತು. ಸೊಗಸು ಗಿಗಸು ಎಂಬ ಮಾತೆಲ್ಲ ನಿನಗೆ ಯಾವಾಗಿನಿಂದ ಬಂತು?

ರಿಮ್ಮಾಳಿಗೆ ನೆಗಡಿ, ಓದುವಾಗ ದನಿ ಕಟ್ಟುತ್ತಿತ್ತು. ಇವತ್ತಿಗೆ ಇಷ್ಟು ಸಾಕು.

ನಿನ್ನ
ಅರ್ಸೆನಿ


ಮಾಸ್ಕೋ, 2 ಡಿಸೆಂಬರ್ 1964

ಗೌರವಾನ್ವಿತ ಅಗ್ನಿಯಾ ಪಾವ್ಲೊವ್ನಾ,

ಮೇಲಿನ ಪತ್ರವನ್ನು ಅವರು ಹೇಳಿದಂತೆ ಬರೆದಿದ್ದೇನೆ. ಇದು ನನ್ನದು. ನಿಮ್ಮ ಪತ್ರವನ್ನು ನಾನು ಇದ್ದ ಹಾಗೆ ಓದಲಿಲ್ಲ.

ಪುಸ್ತಕ ಬಂದ ದಿನ ನಾನು ಅಲ್ಲೇ ಇದ್ದೆ. ವಲೆರಿಯನ್ ಇಲ್ಯೀಚ್ ಖಾಲಿ ಹಾಳೆಯನ್ನು ಬಿಡಿಸಿ ಹಿಡಿದುಕೊಂಡು, ಅದರ ಮೇಲೆ ಇಲ್ಲದ ಸಾಲುಗಳನ್ನು ಓದಿದರು. ಆಮೇಲೆ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ ಹೇಳಿದರು. "ಅವರ ಹೃದಯ ತಡ್ಕೊಳಲ್ಲ ರಿಮ್ಮಾ. ಈ ಖುಷಿ ಅವರಿಗಿರ್ಲಿ." ಪ್ರತಿ ಪಡೆದ ಎಲ್ಲರಿಗೂ ವಿಷಯ ಗೊತ್ತು. ಯಾರೂ ಬಾಯಿ ಬಿಟ್ಟಿಲ್ಲ. ಅವರು ಪುಸ್ತಕವನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಾರೆ. ನೀವು ನೋಡಿದ್ದರೆ ನೀವೂ ಹೇಳುತ್ತಿರಲಿಲ್ಲ.

ರಿಮ್ಮಾ


ಕೊಸ್ತ್ರೊಮಾ, 15 ಡಿಸೆಂಬರ್ 1964

ರಿಮ್ಮಾ,

ನೀನು ಅವರ ಕಣ್ಣು ಎಂದು ನಂಬಿ ನಿನ್ನನ್ನು ಕೂರಿಸಿಕೊಂಡಿದ್ದಾರೆ. ಕಣ್ಣೇ ಸುಳ್ಳು ಹೇಳಿದರೆ ಮನುಷ್ಯ ಎಲ್ಲಿಗೆ ಹೋಗಬೇಕು?

ಫೆಬ್ರವರಿಯಲ್ಲಿ ನಮ್ಮಕ್ಕನ ನೆನಪಿನ ದಿನ ಬರುತ್ತದೆ. ಅಷ್ಟರೊಳಗೆ ನೀನೇ ಹೇಳು. ಇಲ್ಲದಿದ್ದರೆ ನಾನು ರೈಲು ಹತ್ತಿ ಬಂದು ಹೇಳುತ್ತೇನೆ.

ಅಗ್ನಿಯಾ


ಮಾಸ್ಕೋ, 14 ಫೆಬ್ರವರಿ 1965

ಪ್ರಿಯ ಅಗ್ನಿಯಾ,

ಕ್ಸೇನಿಯಾಳ ನೆನಪಿನ ದಿನ ಕಳೆಯಿತು. ಅಡುಗೆಮನೆಯವರು ದೋಸೆ ಹುಯ್ದರು, ಜೇನು ಹಾಕಿ ಗೋಧಿ ಬೇಯಿಸಿದರು. ಫೆರಾಪೊಂತ್ ಬಂದಿದ್ದ. ವಲೆರಿಯನ್ ಬರಲಿಲ್ಲ, ಕೀವ್‌ನಲ್ಲಿ ಏನೋ ಸಭೆಯಂತೆ.

ಊಟಕ್ಕೆ ಮುಂಚೆ ಫೆರಾಪೊಂತ್ ಕೈಗೆ ಪುಸ್ತಕ ಕೊಟ್ಟು ಮೊದಲ ಪುಟ ಓದಿಸಿದೆ. ಆಮೇಲೆ ತಡವಾಗಿ ಬಂದವರಿಗಾಗಿ ರಿಮ್ಮಾ ಇನ್ನೊಮ್ಮೆ ಓದಿದಳು. ಎರಡೂ ಒಂದೇ ಆಗಿರಲಿಲ್ಲ. ವೋಡ್ಕಾದ ಪ್ರಭಾವ ಇರಬಹುದು. ನನ್ನ ಕಿವಿಯೂ ಮುದಿಯಾಗಿರಬಹುದು.

ಆದ್ದರಿಂದ ನಿನ್ನನ್ನು ಕೇಳುತ್ತಿದ್ದೇನೆ. ನಿನ್ನ ಪ್ರತಿ ತೆಗೆದು, ಅಲ್ಲಿ ಅಚ್ಚಾಗಿರುವುದನ್ನು ಹಾಗೇ ನಕಲು ಮಾಡಿ ಕಳಿಸು. ನೀನು ನನಗೆ ಮುಖದ ಮೇಲೆ ಹೊಡೆದ ಹಾಗೆ ಎಷ್ಟೋ ಸಲ ಮಾತಾಡಿದ್ದೀಯ, ಸುಳ್ಳು ಮಾತ್ರ ಹೇಳಿಲ್ಲ.

ನಿನ್ನ
ಅರ್ಸೆನಿ

(ಅಗ್ನಿಯಾ ಪಾವ್ಲೊವ್ನಾ, ಹೇಳಲು ನನ್ನಿಂದ ಆಗಲಿಲ್ಲ. ಜನವರಿಯಲ್ಲಿ ಅವರಿಗೆ ಎದೆನೋವು ಬಂದು ಆಂಬುಲೆನ್ಸ್ ಕರೆಸಿದೆವು. ನಿಮಗೆ ತಿಳಿಸಬೇಡ ಎಂದಿದ್ದರು. ಇನ್ನೊಂದು ಪೆಟ್ಟು ಬಿದ್ದರೆ ಕಷ್ಟ ಎಂದು ಡಾಕ್ಟರು ನನಗೆ ಬೇರೆಯಾಗಿ ಹೇಳಿದ್ದಾರೆ. ಕೈಮುಗಿದು ಕೇಳುತ್ತೇನೆ. ಸಾಲುಗಳು ಹೀಗಿವೆ: ಕ್ಸೇನಿಯಾಗೆ. ಅವಳು ಓದಿದಳು, ನಾನು ಕೇಳಿದೆ. ದೀಪ ಅವಳೇ ಹಚ್ಚಿದಳು. – ರಿಮ್ಮಾ)


ಕೊಸ್ತ್ರೊಮಾ, 25 ಫೆಬ್ರವರಿ 1965

ಪ್ರೀತಿಯ ಭಾವ,

ವೋಲ್ಗಾ ಇನ್ನೂ ಹೆಪ್ಪುಗಟ್ಟಿಯೇ ಇದೆ. ಜನ ಅದರ ಮೇಲೆ ನಡೆದು ಆಚೆ ದಡಕ್ಕೆ ಹೋಗಿ ಬರುತ್ತಾರೆ. ನನಗೆ ಮೊಣಕಾಲು ನೋವು, ಈ ವರ್ಷ ನಾನು ಹೋಗಲಿಲ್ಲ.

ನೀವು ಕೇಳಿದ್ದು:

ಕ್ಸೇನಿಯಾಗೆ. ಅವಳು ಓದಿದಳು, ನಾನು ಕೇಳಿದೆ. ದೀಪ ಅವಳೇ ಹಚ್ಚಿದಳು.

ಆರೋಗ್ಯ ನೋಡಿಕೊಳ್ಳಿ. ತಣ್ಣಗಿನ ಗಾಳಿಗೆ ಹೋಗಬೇಡಿ.

ಅಗ್ನಿಯಾ


ಮಾಸ್ಕೋ, 10 ಮಾರ್ಚ್ 1965

ಅಗ್ನಿಯಾ,

ಈ ಪತ್ರವನ್ನೂ ರಿಮ್ಮಾಳೇ ಬರೆಯುತ್ತಿದ್ದಾಳೆ. ಬರೆಯುವುದಿಲ್ಲ ಎಂದು ಎದ್ದಳು. ಕೂತ್ಕೊ ಎಂದೆ. ಬರೆಯುವಾಗ ಅತ್ತರೆ ಕಾಗದ ಹಾಳಾಗುತ್ತದೆ, ಅತ್ತು ಮುಗಿಸಿ ಬರೆ ಎಂದೆ. ಈಗ ಬರೆಯುತ್ತಿದ್ದಾಳೆ.

ನನ್ನ ಕಸುಬು ಏನೆಂದು ನೀವೆಲ್ಲ ಮರೆತಿರಿ. ಪ್ಲೇಟೋ ಕೈಯಾರೆ ಬರೆದ ಒಂದು ಹಾಳೆಯೂ ಉಳಿದಿಲ್ಲ. ನಕಲುಗಾರರು ನಕಲಿನಿಂದ ನಕಲು ಮಾಡಿದ್ದಷ್ಟೇ ನಮಗಿರುವುದು. ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಕಂಡರೆ, ಒಂದು ಇನ್ನೊಂದನ್ನು ನೋಡಿ ಬರೆದದ್ದು ಎಂದು ಅರ್ಥ. ಈ ಕೆಲಸದಲ್ಲೇ ನನ್ನ ಆಯುಸ್ಸು ಕಳೆದಿದೆ.

ನಾನು ವಲೆರಿಯನ್ನನಿಗೆ ಬರೆಸಿದ್ದು ಇದು: ಕ್ಸೇನಿಯಾಗೆ. ಅವಳು ಓದಿದಳು, ನಾನು ಕೇಳಿದೆ. ದೀಪ ಅವಳೇ ಆರಿಸಲಿ.

ವಲೆರಿಯನ್ ಮೊದಲೇ ಹೇಳಿಕೊಟ್ಟಿದ್ದ ಸಾಲನ್ನು ಫೆರಾಪೊಂತ್ 'ದೀಪ ಆರದಿರಲಿ' ಎಂದು ಓದಿದ. ಭಕ್ತ, ಪಾಪ, ದೀಪ ಆರುವ ಮಾತು ಅವನ ಬಾಯಲ್ಲಿ ಬರಲಿಲ್ಲ. ವಲೆರಿಯನ್ನನ ಬಾಯಲ್ಲಿ ಒಮ್ಮೆ ಕೇಳಿದ್ದ ರಿಮ್ಮಾ 'ಅವಳೇ ಹಚ್ಚಿದಳು' ಎಂದಳು. ಅಚ್ಚಾದ ಸಾಲು ಎಲ್ಲರ ಬಾಯಲ್ಲೂ ಒಂದೇ ಇರಬೇಕು. ಆದರೂ ನನ್ನ ಕಿವಿಯನ್ನೇ ಅನುಮಾನಿಸಿದೆ, ನಿನ್ನನ್ನು ಕೇಳಿದೆ. ನಿನ್ನ ಪತ್ರದಲ್ಲಿ ರಿಮ್ಮಾಳ ತಪ್ಪೇ ಬಂತು. ಅಂದರೆ ನೀನು ನಕಲು ಮಾಡಿದ್ದು ಪುಸ್ತಕದಿಂದಲ್ಲ, ಅವಳಿಂದ. ಪುಸ್ತಕದಲ್ಲಿ ಏನೂ ಇಲ್ಲ.

ವಲೆರಿಯನ್ನನನ್ನು ಕರೆಸಿದೆ. ಪ್ರಕಾಶನದವರು ತೆಗೆಸಿದರೋ, ಅದಕ್ಕೂ ಮೇಲಿನವರೋ ಎಂದು ಕೇಳಿದೆ.

"ಯಾರೂ ತೆಗಿ ಅನ್ಲಿಲ್ಲ, ಅರ್ಸೆನಿ ಗ್ರಿಗೊರ್ಯೆವಿಚ್. ಯಾರಾದ್ರೂ ಕೇಳ್ತಾರೇನೋ ಅಂತ ನಾನೇ ತೆಗ್ದೆ. ಹಸ್ತಪ್ರತಿ ಕೊಡೋಕೆ ಹೋದಾಗ, ಅವರ ಆಫೀಸಿನ ಮೆಟ್ಟಿಲ ಮೇಲೆ."

ಅವನನ್ನು ಯಾರೂ ಹೆದರಿಸಿರಲಿಲ್ಲ. ಹೆದರಿಸಿದ್ದರೆ ನಾನು ಕ್ಷಮಿಸುತ್ತಿದ್ದೆ, ನಾನೂ ಹೆದರಿದವನೇ. ಇನ್ನು ಈ ಮನೆಗೆ ಬರಬೇಡ ಎಂದೆ. ಟೋಪಿ ಮರೆತು ಹೋದ.

ದೀಪದ ಕಥೆ ನಿನಗೆ ಗೊತ್ತಿಲ್ಲ. ಶಿಬಿರದಿಂದ ಬಂದ ಮೇಲೆ ಅವಳು ದಿನಾ ನನಗೆ ಓದುತ್ತಿದ್ದಳು. ಓದಿ ಮುಗಿಸಿ "ದೀಪ ಆರಿಸ್ಲಾ?" ಎಂದು ಕೇಳುತ್ತಿದ್ದಳು. ನನಗೆ ದೀಪ ಇದ್ದರೂ ಒಂದೇ, ಆರಿದರೂ ಒಂದೇ. ಆದರೂ ಕೇಳುತ್ತಿದ್ದಳು. ಅವಳನ್ನು ಕರೆದುಕೊಂಡು ಹೋದಾಗ ಅದನ್ನು ಆರಿಸಲು ಬಿಡಲಿಲ್ಲ. ಬೆಳಗ್ಗೆ ಪಕ್ಕದ ಮನೆಯಾಕೆ ಬಂದು, ರಾತ್ರಿಯೆಲ್ಲ ಕರೆಂಟು ಉರಿಸಿದ್ದೀರಿ, ಮೀಟರು ಎಲ್ಲರದ್ದು ಎಂದು ಬೈದಾಗಲೇ ನನಗೆ ಗೊತ್ತಾದದ್ದು. ಅವಳು ಬಂದು ಆರಿಸಲಿ ಎಂದು ನಾನು ಅಂದಿನಿಂದ ಕಾಯುತ್ತಿದ್ದೇನೆ. ಆ ಮಾತನ್ನು ನೀವೆಲ್ಲ ಒಳ್ಳೆಯ ಮಾತಾಗಿ ತಿದ್ದಿಬಿಟ್ಟಿರಿ.

ವಲೆರಿಯನ್ ಮೋಸ ಮಾಡಿದ, ಅದನ್ನು ನುಂಗಿಕೊಳ್ಳಬಲ್ಲೆ. ನೀನು ಮಾಡಿದ್ದು ಹೆಚ್ಚು ನೋಯುತ್ತಿದೆ. ನನ್ನ ಹೃದಯವನ್ನು ಕಾಪಾಡಲು ಹೋಗಿ ನನ್ನನ್ನು ಖಾಲಿ ಹಾಳೆಯ ಮುಂದೆ ಕೂರಿಸಿ ಅಳಿಸಿದಿರಿ.

ರಿಮ್ಮಾಳನ್ನು ಕಳಿಸಿಬಿಡುವಂತಿಲ್ಲ, ಓದಲು ನನಗೆ ಬೇರೆ ಯಾರೂ ಇಲ್ಲ. ಇನ್ನು ಮೇಲೆ ಬಂದ ಪ್ರತಿ ಪತ್ರವನ್ನೂ ಎರಡು ಸಲ ಓದುತ್ತಾಳೆ, ನಡುವೆ ಕೆಲವು ದಿನ ಬಿಟ್ಟು. ಎರಡೂ ಪಾಠಗಳನ್ನು ನಾನು ಹೋಲಿಸಿ ನೋಡುತ್ತೇನೆ. ಹೀಗೆ ಬದುಕಬೇಕಾಗಿ ಬಂದಿದೆ.

ಕೊಟ್ಟ ಪ್ರತಿಗಳನ್ನೆಲ್ಲ ವಾಪಸು ಕೇಳಿದ್ದೇನೆ. ನೀನೂ ಕಳಿಸು. ಆ ಖಾಲಿ ಹಾಳೆಯ ಮೇಲೆ ನಾನೇ ಬರೆಯುತ್ತೇನೆ.

ಅರ್ಸೆನಿ


ಮಾಸ್ಕೋ, 20 ಏಪ್ರಿಲ್ 1965

ಅಗ್ನಿಯಾ,

ಪುಸ್ತಕ ಇದರೊಂದಿಗಿದೆ. ರಿಮ್ಮಾ ಬರೆದದ್ದು ಈ ಪತ್ರ ಮತ್ತು ವಿಳಾಸ ಮಾತ್ರ. ಹಾಳೆ ಬಿಡಿಸುವುದು, ಬರೆಯುವುದು, ಕಾಗದ ಸುತ್ತಿ ದಾರ ಕಟ್ಟುವುದು ಎಲ್ಲ ನಾನೇ, ಬಾಗಿಲು ಹಾಕಿಕೊಂಡು. ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ವಿಭಾಗದವರು ಕೊಟ್ಟ ಶಾಯಿ ಪೆನ್ನು ಪೆಟ್ಟಿಗೆಯಲ್ಲೇ ಇತ್ತು, ಕುರುಡನಿಗೆ ಕೊಟ್ಟ ಉಡುಗೊರೆ ನೋಡು. ಕೊನೆಗೂ ಉಪಯೋಗಕ್ಕೆ ಬಂತು. ರಟ್ಟಿನ ಅಂಚನ್ನು ಆಸರೆ ಮಾಡಿಕೊಂಡು ಬರೆದೆ. ಸಾಲು ಡೊಂಕಾಗಿದ್ದರೆ ಇರಲಿ.

ಪ್ರತಿ ತಲುಪಿದವರೆಲ್ಲ ಉತ್ತರ ಕೊಟ್ಟಿದ್ದಾರೆ. ಅಕ್ಷರ ಇನ್ನೂ ಮೊದಲಿನಂತೇ ಇದೆ ಎಂದು ಫೆರಾಪೊಂತ್ ಹೇಳಿದ. ವಲೆರಿಯನ್ ತನ್ನ ಪ್ರತಿಯನ್ನು ಯಾರ ಕೈಯಲ್ಲೋ ಕಳಿಸಿದ್ದ. ಅದರಲ್ಲೂ ಬರೆದು ಕೊಟ್ಟೆ, ಅವನೇ ಓದಲಿ ಎಂದು. ಫೋನು ಮಾಡಿ, "ಓದ್ದೆ, ಪ್ರತಿ ಅಕ್ಷರ ಓದ್ದೆ" ಎಂದು ಅತ್ತ.

ಈಗ ಕ್ಸೇನಿಯಾಳ ಹೆಸರು ಇಷ್ಟು ಮನೆಗಳಲ್ಲಿದೆ. ನಿನ್ನ ಮನೆಯಲ್ಲೂ ಇರಲಿ.

ಅರ್ಸೆನಿ


ಕೊಸ್ತ್ರೊಮಾ, 2 ಮೇ 1965

ಭಾವ,

ಈ ಪತ್ರ ಬರೆಯಲು ಕುಳಿತು, ಎದ್ದು, ಮತ್ತೆ ಕುಳಿತಿದ್ದೇನೆ. ಒಮ್ಮೆ ನಿಮ್ಮ ಹೃದಯಕ್ಕೆ ಹೆದರಿ ಸುಳ್ಳು ಬರೆದೆ. ಈ ಸಲ ಬರೆಯುವುದಿಲ್ಲ.

ಹಾಳೆಯ ಮೇಲೆ ಏನೂ ಇಲ್ಲ. ನಿಮ್ಮ ಪೆನ್ನಿನಲ್ಲಿ ಶಾಯಿ ಇರಲಿಲ್ಲ.

ಉಳಿದವರ ಪ್ರತಿಗಳನ್ನು ನಾನು ನೋಡಿಲ್ಲ. ಅವರು ಏನನ್ನು ಓದಿದರು ಎಂದು ನೀವೇ ಲೆಕ್ಕ ಹಾಕಿ. ಅದು ನಿಮ್ಮ ಕಸುಬು.

ಆದರೆ ನಿಬ್ಬು ಕಾಗದವನ್ನು ಆಳವಾಗಿ ಗೀರಿದೆ. ಬೆಳಗ್ಗೆ ಹಾಳೆಯನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿದೆ. ಹೆಸರು ಸಿಕ್ಕಿತು. 'ಓದಿದಳು' ಸಿಕ್ಕಿತು. 'ದೀಪ' ಎನ್ನುವಲ್ಲಿ ಕಾಗದ ಹರಿದಿದೆ. ಅದರ ಮುಂದಿನದನ್ನು ಕಣ್ಣಿನಿಂದ ಓದಲಾಗಲಿಲ್ಲ, ಬೆರಳಾಡಿಸಿ ತಿಳಿದುಕೊಂಡೆ. ನೀವು ಬರೆಸಿದ್ದ ಹಾಗೇ ಇದೆ, ಆರಿಸಲಿ ಎಂದೇ ಇದೆ. ನೀವು ಇದನ್ನು ಮುಟ್ಟಿದರೆ ನಿಮಗೂ ಸಿಗುತ್ತದೆ. ಅಚ್ಚಾಗಿದ್ದರೆ ಸಿಗುತ್ತಿರಲಿಲ್ಲ.

ನಾನು ಮಾಡಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.

ರಿಮ್ಮಾ, ಇದನ್ನು ಇದ್ದ ಹಾಗೆ ಓದು. ಶಾಯಿಯ ಮಾತನ್ನು ಬಿಡಬೇಡ.

ಅಗ್ನಿಯಾ


ತಂತಿ
ಮಾಸ್ಕೋ, 11 ಮೇ 1965

ರಿಮ್ಮಾ ಓದಿದಳು. ಎರಡು ಸಲವೂ ಒಂದೇ ಪಾಠ. ಉಳಿದವರ ಪ್ರತಿಗಳೂ ಖಾಲಿಯಂತೆ, ವಿಚಾರಿಸಿದೆ. ಪುಸ್ತಕ ತೆಗೆದುಕೊಂಡು ನೀನೇ ಬಾ. ಶಾಯಿ ತಾ.

ಅರ್ಸೆನಿ